ಕೆಂಪು ಗೆರೆ ಒಂದು ಗೇಣು ಕೆಳಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ಹೊಳೆಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗದಲ್ಲಿ ಕಬ್ಬಿಣದ ತೊಟ್ಟಿಲೊಂದು ತೂಗುತ್ತಿದೆ. ಅದರಲ್ಲಿ ಮಂಡಿಯೂರಿ ಕುಳಿತವರನ್ನು ಊರು ಹೊಳೆಯಕ್ಕ ಎನ್ನುತ್ತದೆ. ಭಾರದ ಗುಂಡು ಕಟ್ಟಿದ ತಂತಿಯನ್ನು ಅವರು ಕೆಂಪು ನೀರಿಗೆ ಇಳಿಬಿಡುತ್ತಾರೆ. ಗುಂಡಿನ ಮೇಲೊಂದು ಪುಟ್ಟ ಫ್ಯಾನು. ಹೊಳೆಯ ಸೆಳೆತಕ್ಕೆ ಅದು ತಿರುಗಿದ ಹಾಗೆಲ್ಲ ಕಿವಿಯ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಸದ್ದು. ಅದನ್ನು ಎಣಿಸಿದರೆ ನೀರಿನ ವೇಗ ಸಿಗುತ್ತದೆ.

ದಡದಲ್ಲಿ ಕಾವಲು ನಿಂತ ಮೈದುನ ಗಂಟಲು ಹರಿಯುವಂತೆ ಕೂಗುತ್ತಾನೆ: "ಅತ್ತಿಗೇ, ಮರ ಬರ್ತಿದೆ! ಎತ್ತಿ, ಎತ್ತಿ!"

ಅವರು ಗುಂಡನ್ನು ಮೇಲೆಳೆದುಕೊಳ್ಳುತ್ತಾರೆ. ಬೇರುಸಹಿತ ಮರವೊಂದು ತೊಟ್ಟಿಲ ಕೆಳಗೆ ಉರುಳಿಕೊಂಡು ಹೋಗುತ್ತದೆ. ಸೊಂಟದಲ್ಲಿ ಸಿಕ್ಕಿಸಿದ ತಂತಿ ಕತ್ತರಿಯ ಮೇಲಿಂದ ಅವರ ಕೈ ನಿಧಾನವಾಗಿ ಸರಿಯುತ್ತದೆ. ಕಳೆದ ಮಳೆಗಾಲದಲ್ಲಿ ಇಂಥದ್ದೇ ಮರ ತಂತಿಗೆ ತೊಡರಿ ತೊಟ್ಟಿಲನ್ನೇ ಜಗ್ಗಿತ್ತು. ತಂತಿ ಕತ್ತರಿಸದೆ ವಿಧಿಯಿರಲಿಲ್ಲ. ಫ್ಯಾನು, ಗುಂಡು, ಅರ್ಧ ಮುಗಿದ ಅಳತೆ ಎಲ್ಲವೂ ಹೊಳೆಯ ಪಾಲಾದವು.

"ಜೀವ ಉಳೀತು ಅಂತ ಎಲ್ರೂ ಸಮಾಧಾನ ಹೇಳಿದ್ರು. ನನಗೆ ಮಾತ್ರ ಅಳತೆ ಹೋಯ್ತಲ್ಲ ಅಂತ ಹೊಟ್ಟೆ ಉರೀತಿತ್ತು" ಎನ್ನುತ್ತಾರೆ.

ಹೊಳೆಯಕ್ಕನ ದಿನನಿತ್ಯದ ಕೆಲಸದಲ್ಲಿ ಇಷ್ಟು ಆರ್ಭಟವಿಲ್ಲ. ಬೆಳಿಗ್ಗೆ ಸಂಜೆ ದಡದ ಕಂಬದಲ್ಲಿ ನೀರಿನ ಮಟ್ಟ ನೋಡಬೇಕು. ನೀರು ಎಷ್ಟು ತಣ್ಣಗಿದೆ, ಗಾಳಿ ಯಾವ ಕಡೆಯದು, ಮಳೆ ಎಷ್ಟು ಬಿತ್ತು ಎಂದು ಹೊಳೆ ನೀರಿನ ಲೆಕ್ಕ ಇಡುವ ಕಚೇರಿಗೆ ಫೋನು ಮಾಡಬೇಕು. ಮಳೆ ಅಳೆಯುವ ಡಬ್ಬ ಮನೆಯ ಹಿತ್ತಲಲ್ಲೇ ಇದೆ. ಸೊಸೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅತ್ತೆ ಅದರ ನೀರನ್ನು ಚೆಲ್ಲಿ, ಡಬ್ಬವನ್ನು ಥಳಥಳ ಬೆಳಗಿ, ಬಿಸಿಲಿಗೆ ಬೋರಲು ಹಾಕಿದ್ದರು. ರಾತ್ರಿಯಿಡೀ ಹೊಯ್ದ ಮಳೆಗೆ ಲೆಕ್ಕವೇ ಇಲ್ಲದಂತಾಯಿತು.

"ಕೊಳೆ ನೀರು ಅಂದ್ಕೊಂಡೆ ಕಣೇ. ಈಗ ಕಾಗೆ ಬಂದು ಕೂತ್ರೂ ಕೋಲು ಹಿಡ್ಕೊಂಡು ಓಡ್ತೀನಲ್ಲ, ಅದನ್ನೂ ಹೇಳು!" ಎಂದು ಅತ್ತೆ ಒಳಗಿನಿಂದಲೇ ದನಿ ಸೇರಿಸುತ್ತಾರೆ.

ಆದರೆ ಹೊಳೆಯಕ್ಕನ ನಿದ್ದೆಗೆಡಿಸಿದ್ದು ಬೇರೆಯೇ ವಿಷಯ. ಕೆಳಗಿನ ಪೇಟೆಯ ಸೇತುವೆ ಕಂಬದ ಮೇಲೊಂದು ಕೆಂಪು ಗೆರೆಯಿದೆ. ನೀರು ಅದನ್ನು ಮುಟ್ಟಿದರೆ ಜನ ಜಾಗ ಖಾಲಿ ಮಾಡಬೇಕು. ಆ ಗೆರೆ ಎಳೆದದ್ದು ಅಂದಾಜಿನ ಮೇಲೆ. ಹೊಳೆ ಉಕ್ಕಿದಾಗ ಎಷ್ಟು ನೀರು ಹಾಯುತ್ತದೆ ಎಂದು ಯಾರೂ ಅಳೆದಿಲ್ಲ. ಸೇತುವೆಯ ಮಗ್ಗುಲಲ್ಲೇ ಶಾಲೆ. ಅವರ ಮಗಳು ಓದುವುದು ಅಲ್ಲೇ.

"ಅಂದಾಜು ನಂಬ್ಕೊಂಡು ದಿನಾ ಮಗೂನ ಕಳಿಸ್ಬೇಕಲ್ಲ, ಅದೇ ಕಷ್ಟ."

ಅದಕ್ಕೇ ಇವತ್ತು ಮರ ದಾಟಿದ ಮೇಲೂ ಅವರು ಹಿಂದಿರುಗುವುದಿಲ್ಲ.

"ಸಾಕು ಬನ್ನಿ ಅತ್ತಿಗೆ! ಅಣ್ಣನಿಗೆ ನಾನೇನು ಹೇಳ್ಲಿ?"

"ಅನ್ನಕ್ಕಿಡು ಅಂತ ಹೇಳು! ನೀನು ಮಾತು ನಿಲ್ಸಿ ಹೊಳೆ ನೋಡು!"

ಗುಂಡು ಮತ್ತೆ ನೀರಿಗಿಳಿಯುತ್ತದೆ. ತೊಟ್ಟಿಲು ಒಂದೊಂದೇ ಹೆಜ್ಜೆ ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ಒಂದು ಕಡೆ ಬಿಟ್ಟುಹೋದರೂ ಇಡೀ ಅಳತೆ ದಂಡ. ಆಚೆ ದಡಕ್ಕೆ ತೊಟ್ಟಿಲು ತಾಗಿದಾಗ ಅವರ ಬೆರಳುಗಳು ಮಡಚಲಾರದಷ್ಟು ಮರಗಟ್ಟಿವೆ. ಅಳತೆ ಮಾತ್ರ ಪೂರ್ತಿಯಾಗಿದೆ.

ಸಂಜೆಯೊಳಗೆ ಹೊಳೆ ಇಳಿಯುತ್ತದೆ, ಈ ಸಲ ಗೆರೆ ಮುಟ್ಟದೆಯೇ. ವಾರ ಕಳೆದು ಕಚೇರಿಯ ಎಂಜಿನಿಯರ್ ಲೆಕ್ಕ ಮುಗಿಸಿ ಫೋನು ಮಾಡುತ್ತಾರೆ. ಅಂದಾಜಿಗಿಂತ ಹೆಚ್ಚು ನೀರು ಹಾಯ್ದಿದೆ. ಇನ್ನೂ ದೊಡ್ಡ ನೆರೆ ಬಂದರೆ, ಕೆಂಪು ಗೆರೆ ಮುಟ್ಟುವ ಮೊದಲೇ ನೀರು ದಡ ದಾಟಿ ಶಾಲೆಯ ಅಂಗಳಕ್ಕೆ ನುಗ್ಗುತ್ತದೆ. ಗೆರೆಯನ್ನು ಒಂದು ಗೇಣು ಕೆಳಗಿಳಿಸಬೇಕು.

ಮರುದಿನ ಬೆಳಿಗ್ಗೆ ಹೊಳೆಯಕ್ಕ ಬಣ್ಣದ ಡಬ್ಬದೊಂದಿಗೆ ಸೇತುವೆಯಡಿಯ ಏಣಿಯ ಮೇಲಿದ್ದಾರೆ. ಮೈದುನ ಏಣಿ ಹಿಡಿದಿದ್ದಾನೆ. ಮೇಲೆ ಸೇತುವೆಯ ಕಂಬಿಗೆ ಒರಗಿ ನಿಂತ ಪೇಟೆಯ ದರ್ಜಿಗೆ ಸಿಟ್ಟು ಬಂದಿದೆ.

"ಏನ್ ಹೊಳೆಯಕ್ಕ, ಗೆರೆ ಕೆಳಗೆ ತಂದ್ರೆ ವರ್ಷಕ್ಕೆ ನಾಲ್ಕು ಸಲ ಮಿಷನ್ ಹೊತ್ಕೊಂಡು ಓಡ್ಬೇಕಾ ನಾವು? ಬೈಯಲ್ವಾ ಜನ ನಿನ್ನ?"

ಹಳೆಯ ಗೆರೆಯ ಮೇಲೆ ಸುಣ್ಣ ಬಳಿಯುತ್ತಲೇ ಅವರು ಉತ್ತರಿಸುತ್ತಾರೆ:

"ಬೈಲಿ ಬಿಡಣ್ಣ. ಓಡಿ ಗುಡ್ಡ ಹತ್ತಿ, ಅಲ್ಲಿ ಎಲ್ರೂ ಒಟ್ಟಿಗೆ ನಿಂತು ಬೈಲಿ. ಒಬ್ರೂ ಕಮ್ಮಿ ಆಗ್ಬಾರ್ದು, ಅಷ್ಟೇ."