ಸಿಂದಿ ಹೊಳೆಯ ಪಾಠ

ಮೊನ್ನೆ ಸಂಜೆ ಮೊಮ್ಮಗಳು ಪಡಸಾಲೆಯಲ್ಲಿ ಕೂತು ‘ಸಿಂಧೂ ಕಣಿವೆಯ ನಾಗರಿಕತೆ’ ಎಂದು ಗಟ್ಟಿಯಾಗಿ ಓದುತ್ತಿದ್ದಳು. ನನಗೆ ತಡೆಯಲಾರದಷ್ಟು ನಗು ಬಂತು. ಪರೀಕ್ಷೆಯ ಹೊತ್ತಿನಲ್ಲಿ ನಗುವ ಅಜ್ಜನನ್ನು ಯಾವ ಮೊಮ್ಮಗಳು ಸಹಿಸಿಯಾಳು? ಪುಸ್ತಕ ಮುಚ್ಚಿ, ಕಾರಣ ಹೇಳೆಂದು ಪಟ್ಟು ಹಿಡಿದಳು. ನೀವೂ ಹತ್ತಿರ ಕೂತುಕೊಳ್ಳಿ, ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಯಲಬುರ್ಗಾದ ಶಾಲೆಯಲ್ಲಿ ಓದಿದ್ದು ನಿಜಾಮರ ಕಾಲದಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಪಾಠ ಅರ್ಥವಾಗದಿದ್ದರೂ ತಲೆಯಾಡಿಸುವುದನ್ನು ನಾವು ಚೆನ್ನಾಗಿ ಕಲಿತಿದ್ದೆವು. ಮುಂದೆ ಕಚೇರಿಯ ನೌಕರಿಗೆ ಅದು ಬಹಳ ಒದಗಿತು. ಪಾಠ ಹೇಳುತ್ತಿದ್ದವರು ಕುಷ್ಟಗಿ ಕಡೆಯ ಹುಸೇನಸಾಬ ಮಾಸ್ತರರು. ಅವರ ಮನೆಮಾತು ದಖನಿ ಉರ್ದು, ಬಜಾರದಲ್ಲಿ ನಮ್ಮಂತೆಯೇ ಕನ್ನಡ. ತರಗತಿಯೊಳಗೆ ಮಾತ್ರ ಸರಕಾರದ ಹುಕುಮಿನ ಪ್ರಕಾರ ಪುಸ್ತಕದ ಉರ್ದು.

ಒಂದು ದಿನ ಅವರು ‘ವಾದಿ-ಎ-ಸಿಂಧ್’, ಅಂದರೆ ಇದೇ ಸಿಂಧೂ ಕಣಿವೆಯ ಪಾಠ ತೆಗೆದರು. ನಮ್ಮ ಕಿವಿಗೆ ಬಿದ್ದದ್ದು ಸಿಂದಿ. ಸಿಂದಿ ಎಂದರೆ ನಮ್ಮ ಕಡೆ ಈಚಲು ಗಿಡದಿಂದ ಇಳಿಸುವ ಹೆಂಡ. ದೊಡ್ಡ ಹೊಳೆ, ಅದರ ದಂಡೆಗೆ ಊರು ಎಂಬಷ್ಟು ಉರ್ದು ನಮಗೆ ತಿಳಿಯುತ್ತಿತ್ತು. ಅಂದಮೇಲೆ ಅದು ಸಿಂದಿಯೇ ಹರಿಯುವ ಹೊಳೆ. ಇಡೀ ತರಗತಿ ಯಂಕಪ್ಪನ ಕಡೆ ತಿರುಗಿತು. ಅವನ ಅಪ್ಪ ದುರಗಪ್ಪ ಸಿಂದಿ ಇಳಿಸುವವನು. “ಯಂಕ್ಯಾ, ನಿಮ್ಮಪ್ಪನ ಸುದ್ದಿ ಬರದಾರಲೇ” ಎಂದು ಹಿಂದಿನಿಂದ ಯಾರೋ ಅಂದರು. ನಗು ನಿಲ್ಲುವುದರೊಳಗೆ ಯಂಕಪ್ಪ ಬರೆಯುವ ಪಾಟಿ ಎತ್ತಿಕೊಂಡು ಹೊರಟೇಬಿಟ್ಟಿದ್ದ. ಮರುದಿನ ಬರಲಿಲ್ಲ. ಆ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹುಡುಗ ಅವನು. ಅವನೇ ಬಿಟ್ಟರೆ ಇನ್ನೊಬ್ಬನನ್ನು ಕಳಿಸುವ ಧೈರ್ಯ ಅವರ ಓಣಿಯಲ್ಲಿ ಯಾರಿಗೂ ಬರುವಂತಿರಲಿಲ್ಲ.

ಅವನ ಬದಲು ಅವನ ಅಪ್ಪ ಬಂದ. ರುಮಾಲು ಸುತ್ತಿಕೊಂಡು ಬಂದದ್ದು ನೋಡಿ ಜಗಳಕ್ಕೇ ಎಂದುಕೊಂಡೆವು. ಅವನೋ ಬಾಗಿಲ ಹೊರಗೇ ನಿಂತು ಮೆಲ್ಲಗೆ ಕೇಳಿದ: “ಸಾಹೇಬ್ರ, ಕಿತಾಬಿನ್ಯಾಗ ನಮ್ಮ ಸುದ್ದಿ ಬರದಾರಂತಲ್ರಿ. ಏನಂತ ಬರದಾರ, ಒಂದೀಟು ಓದಿ ಹೇಳ್ರಿ.”

ಹಿಂದಿನ ದಿನದ ನಗುವಿನ ಮೂಲ ಮಾಸ್ತರರಿಗೆ ಆಗ ಗೊತ್ತಾಯಿತು. ಸಿಂಧ್ ಎಂಬುದು ದೂರದ ಒಂದು ಹೊಳೆಯ ಹೆಸರೆಂದು ಕನ್ನಡದಲ್ಲೇ ತಿಳಿಸಿ ಹೇಳಿದರು. ದುರಗಪ್ಪನಿಗೆ ಸಮಾಧಾನವಾಗುತ್ತದೆಂದು ನಾನು ಅವನ ಮುಖ ನೋಡಿದೆ. ಆಗಲಿಲ್ಲ.

“ಹಂಗಾರ ನಮ್ದಲ್ಲೇನ್ರಿ” ಎಂದ, ಅಷ್ಟೇ.

ಮಾಸ್ತರರು ಪುಸ್ತಕ ಮಡಚಿದರು. ಅವನನ್ನು ಒಳಗೆ ಕರೆದು ತಮ್ಮ ಕುರ್ಚಿಯ ಪಕ್ಕ ಕೂಡಿಸಿಕೊಂಡರು. ಹುಕುಮು ಏನೇ ಇರಲಿ, ಆ ದಿನದ ಪಾಠವೆಲ್ಲ ಕನ್ನಡದಲ್ಲೇ ನಡೆಯಿತು. ಇಟ್ಟಂಗಿ ಸುಟ್ಟವರು, ಗಡಿಗೆ ಮಾಡಿದವರು, ಮಣಿ ಕೊರೆದವರು, ಬಚ್ಚಲ ನೀರು ಹೋಗಲು ಗಟಾರ ಕಟ್ಟಿದವರು, ಎಲ್ಲರೂ ಅದರಲ್ಲಿ ಬಂದರು. ನನಗೆ ಪೂರ್ತಿ ಅರ್ಥವಾದ ಮೊದಲ ಪಾಠ ಅದು.

ಕಡೆಗೆ ಮಾಸ್ತರರು, “ದುರಗಪ್ಪ, ಆ ಊರ ರಾಜಾ ಯಾರಂತ ಇನ್ನೂ ಗೊತ್ತಾಗಿಲ್ಲ. ಸಿಕ್ಕಿದ್ದೆಲ್ಲಾ ಕೈಲೆ ದುಡದವರ ಸಾಮಾನು. ಅದು ನಿಮ್ದಲ್ಲಂದ್ರ ಮತ್ಯಾರ್ದು?” ಎಂದರು.

ಮರುದಿನ ಯಂಕಪ್ಪ ಶಾಲೆಗೆ ಬಂದ.

ಇಷ್ಟು ವರ್ಷ ನಾನು ಇದನ್ನು ನಗೆಯ ಕತೆಯೆಂದೇ ಹೇಳಿಕೊಂಡು ಬಂದಿದ್ದೆ. ಮೊಮ್ಮಗಳು ನಗಲಿಲ್ಲ. “ಅಜ್ಜಾ, ದುರಗಪ್ಪಜ್ಜನ ಸುದ್ದಿ ಈಗರ ಯಾವ ಪುಸ್ತಕದಾಗ ಐತಿ?” ಎಂದು ಕೇಳಿದಳು. ಯಾವ ಪುಸ್ತಕದಲ್ಲೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.