ಬುಧವಾರದ ಹುಟ್ಟುಹಬ್ಬಗಳು

ಮೊದಲ ಸುಳ್ಳನ್ನು ನಾನು ಹೇಳಿದ್ದು ಬಸ್ಸಿನಲ್ಲಿ. ಅಥವಾ ಬಸ್ಸಿಳಿದ ಮೇಲೆ, ಗೇಟಿನ ಹತ್ತಿರ. ಕೈಯಲ್ಲಿ ಪುತ್ತೂರಿನ ಬೇಕರಿಯ ಕೇಕಿನ ಡಬ್ಬಿ ಇತ್ತು ಎಂಬುದು ಮಾತ್ರ ಖಾತ್ರಿ. ನಾವು ಬಾಡಿಗೆಗಿರುವ ಮನೆಯ ಯಜಮಾನರ ಹೆಂಡತಿಯೂ ಅದೇ ಬಸ್ಸಿನಲ್ಲಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ.

"ಎಂತ ತಂಗಿ, ಕೇಕ್ ಎಲ್ಲ ಉಂಟು?"

"ಹುಟ್ಟುಹಬ್ಬ ಅಕ್ಕ," ಎಂದೆ. ಅವರು ಕೇಳುವ ಮೊದಲೇ "ನನ್ನದು" ಎಂದೂ ಸೇರಿಸಿದೆ.

ಅವತ್ತು ಬುಧವಾರ. ಸಂಜೆ ನಮ್ಮಲ್ಲಿ ಪ್ರಾರ್ಥನೆ ಇತ್ತು.

ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಹಾಗೆ ಮಾಡುವಾಗ ನನ್ನ ಮಾತು ಎಷ್ಟು ಚಂದವಾಗಿಬಿಡುತ್ತದೆಯೋ ಎಂದು ನನಗೇ ಅನುಮಾನ.

ಕಡಬದಲ್ಲಿ ಅವರ ಅಂಗಳದಾಚೆಯ ಚಿಕ್ಕ ಮನೆಯಲ್ಲಿ ಅಮ್ಮ ಮತ್ತು ನಾನು. ನಾವು ಹೊಸದಾಗಿ ಕ್ರೈಸ್ತರಾದವರಲ್ಲ. ನನ್ನ ಅಜ್ಜನ ಅಪ್ಪನ ಕಾಲದಿಂದ ಹೀಗೇ. ನಮ್ಮ ಸಭೆಯವರದ್ದು ಈ ಭಾಗದಲ್ಲಿ ಎಂಟು ಮನೆ. ಪ್ರತಿ ಬುಧವಾರ ಒಂದೊಂದು ಮನೆಯ ಪಾಳಿ. ಒಂದು ಕೀರ್ತನೆ, ಒಂದು ಅಧ್ಯಾಯ, ಪ್ರಾರ್ಥನೆ, ಚಹಾ. ಎರಡು ತಿಂಗಳಿಗೊಮ್ಮೆ ನಮ್ಮ ಪಾಳಿ ಬರುತ್ತಿತ್ತು.

ಒಂದು ಬುಧವಾರ ಮತ್ತೊಂದು ಮನೆಯಲ್ಲಿ ಪ್ರಾರ್ಥನೆ ನಡೆಯುವಾಗ ಬೈಕುಗಳಲ್ಲಿ ಕೆಲವರು ಬಂದು ಅಂಗಳದಲ್ಲಿ ನಿಂತರು. ಯಾರು, ಎಲ್ಲಿಯವರು, ಯಾಕೆ ಸೇರಿದ್ದು ಎಂದು ಕೇಳಿದರು. ಒಬ್ಬ ಮೊಬೈಲ್ ಹಿಡಿದು ನಮ್ಮ ಮುಖಗಳನ್ನೆಲ್ಲ ವಿಡಿಯೊ ಮಾಡಿಕೊಂಡ. ಯಾರೂ ಯಾರಿಗೂ ಹೊಡೆಯಲಿಲ್ಲ. ಚಹಾ ಕುಡಿಯದೆ ಎಲ್ಲರೂ ಚಪ್ಪಲಿ ಹಾಕಿಕೊಂಡರು, ಅಷ್ಟೇ. ಮುಂದಿನ ವಾರದ ಮನೆಯವರು "ಅತ್ತೆಗೆ ಹುಷಾರಿಲ್ಲ, ಈ ಸಲ ನಮ್ಮಲ್ಲಿ ಬೇಡ" ಎಂದರು. ಅದರ ಮುಂದಿನವರ ಮನೆಗೆ ಇದ್ದಕ್ಕಿದ್ದಂತೆ ಪೇಂಟ್ ಶುರುವಾಯಿತು. ಇನ್ನೊಬ್ಬರ ಮಗಳಿಗೆ ಸಂಬಂಧ ನೋಡುತ್ತಿದ್ದರು. ಪಾಳಿಯೆಲ್ಲ ಉರುಳಿಕೊಂಡು ನಮ್ಮ ಮನೆಗೆ ಬಂದು ನಿಂತಿತು.

ಅದನ್ನು ಧೈರ್ಯದಿಂದ ಒಪ್ಪಿಕೊಂಡೆವು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. "ನಮ್ಮಲ್ಲೇ ಆಗ್ಲಿ" ಎಂದು ಅಮ್ಮ ಹೇಳಿದ್ದು ನನಗೆ ನೆನಪಿದೆ. ಮೊನ್ನೆ ಕೇಳಿದರೆ ಅಮ್ಮ, "ನಾನು ಎಂತಕ್ಕೆ ಹಾಗೆ ಹೇಳುದು? ಹೇಳಿದ್ದು ನೀನು. ನಾನು ಹೆದರಿ ಅಡಿಗೆಮನೆಯಲ್ಲಿದ್ದೆ" ಎಂದಳು. ಇಬ್ಬರೂ ಆ ಧೈರ್ಯವನ್ನು ಮತ್ತೊಬ್ಬರ ಹೆಸರಿಗೆ ಹಾಕುತ್ತಿದ್ದೇವೆ. ಅದು ಯಾರಲ್ಲಿ ಇತ್ತೋ ಗೊತ್ತಿಲ್ಲ.

ನನ್ನಲ್ಲಂತೂ ಇರಲಿಲ್ಲ. ನಾವು ಕ್ರೈಸ್ತರೆಂದು ಗೊತ್ತಿದ್ದೇ ಮನೆ ಕೊಟ್ಟಿದ್ದ ಯಜಮಾನರು ಆಗ "ನೀವು ಇಬ್ಬರು ಹೆಂಗಸರು, ಗಲಾಟೆ ಎಂತ ಇರ್ಲಿಕ್ಕಿಲ್ಲ" ಎಂದಿದ್ದರು. ಆ ಮಾತಿಗೆ ನಾನು ಬೇಕಾದ ಹಾಗೆ ಅರ್ಥ ಕಟ್ಟಿಕೊಂಡು ಹೆದರುತ್ತಿದ್ದೆ. ನಾನು ಕೆಲಸ ಮಾಡುವ ಪುತ್ತೂರಿನ ಕನ್ನಡಕದ ಅಂಗಡಿಯಲ್ಲೂ ಜೊತೆಯವನೊಬ್ಬ ಆಗಾಗ ನಗುತ್ತಾ, "ನಿಮ್ಮಲ್ಲಿ ಸೇರಿದ್ರೆ ಎಷ್ಟು ಕೊಡ್ತಾರೆ ಮಾರಾಯ್ರೆ? ನನಗೂ ಹೇಳಿ" ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಆ ನಗುವಿನ ರುಚಿ ಮನೆ ಮುಟ್ಟುವವರೆಗೂ ಬಾಯಲ್ಲಿರುತ್ತಿತ್ತು.

ಹಾಗಾಗಿ ಹುಟ್ಟುಹಬ್ಬ. ಎರಡನೇ ಬುಧವಾರ ಅಮ್ಮನ ತಂಗಿಯದ್ದು, ಮೂರನೆಯದು ಯಾರದೋ ಮಗುವಿನದ್ದು. ಬಂದವರು ಮೊದಲು ಹುಟ್ಟುಹಬ್ಬದ ಹಾಡನ್ನು ಗಟ್ಟಿಯಾಗಿ ಹಾಡಬೇಕು, ಆಮೇಲೆ ಕೀರ್ತನೆಯನ್ನು ಪಿಸುಮಾತಿನಲ್ಲಿ. ಇದು ನನ್ನದೇ ಯೋಜನೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಇಲ್ಲದ ಮಗುವಿಗೆ ಚಪ್ಪಾಳೆ ತಟ್ಟಿದ್ದು ಕಣ್ಣಿಗೆ ಕಟ್ಟಿದಂತಿದೆ. ಕೀರ್ತನೆ ಯಾವುದು ಹಾಡಿದೆವು ಎಂಬುದು ನೆನಪಿಲ್ಲ. ಎಲ್ಲರೂ ಕಣ್ಣು ಮುಚ್ಚಿದರೆ ನಾನು ಕಿಟಕಿ ನೋಡುತ್ತಿದ್ದೆ. ದೇವರ ಜೊತೆ ಮಾತು ಹೊರಡುತ್ತಲೇ ಇರಲಿಲ್ಲ. ಬರುವವರೂ ಕಮ್ಮಿಯಾದರು. ಒಂದು ವಾರ ನಾವು ಐದು ಜನ, ಕೇಕು ಮಾತ್ರ ಇಡೀ.

"ಇರುದು ಇಬ್ಬರು, ಹುಟ್ಟಿದ್ದು ಎಷ್ಟು ಜನ ಮಾರಾಯ್ತಿ!" ಎಂದು ಅಕ್ಕ ಬಟ್ಟೆ ಒಣಗಿಸುತ್ತಾ ನಕ್ಕರು. "ಬರುವ ವಾರ ಯಾರದ್ದು?"

"ಅಮ್ಮನದ್ದು," ಎಂದೆ. ಬೇರೆ ಯಾರೂ ಉಳಿದಿರಲಿಲ್ಲ.

ಆ ಬುಧವಾರ ಕೆಲಸಕ್ಕೆ ರಜೆ ಹಾಕಿದ್ದೆ. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವಾಗ ಅಕ್ಕ ಬಾಗಿಲಿಗೆ ಬಂದರು. ಬೆಳಿಗ್ಗೆ ಸುಬ್ರಹ್ಮಣ್ಯಕ್ಕೆ ಹೋಗಿ ಆಗಷ್ಟೇ ಬಸ್ಸಿಳಿದಿದ್ದರು. ತಲೆಯಲ್ಲಿ ಹೂವು ಇನ್ನೂ ಬಾಡಿರಲಿಲ್ಲ. ಕೈಯಲ್ಲಿ ಪ್ರಸಾದದ ಪೊಟ್ಟಣ.

"ಅಮ್ಮ ಎಲ್ಲಿ? ಅವರ ಹೆಸರಲ್ಲಿ ಒಂದು ಅರ್ಚನೆ ಮಾಡಿಸಿದೆ. ಮೊಣಕಾಲು ನೋವು ಅಂತ ಯಾವಾಗ್ಲೂ ಹೇಳ್ತಾರಲ್ಲ. ನಕ್ಷತ್ರ ಕೇಳಿದ್ರು, ನಂಗೆ ಗೊತ್ತಿಲ್ಲ. ಹುಟ್ಟಿದ ದಿನ ಇವತ್ತೇ, ಆಯುಷ್ಯ ಆರೋಗ್ಯ ಕೊಡಲಿ ಅಂತ ಕೈ ಮುಗಿದೆ."

ಬೈಕಿನವರಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ರಾತ್ರಿಯೆಲ್ಲ ಮನಸ್ಸಿನಲ್ಲೇ ಹೇಳಿ ಅಭ್ಯಾಸ ಮಾಡಿದ್ದೆ. ಪ್ರೀತಿಯಿಂದ ಬರುವ ಪೊಟ್ಟಣಕ್ಕೆ ಅಭ್ಯಾಸ ಮಾಡಿರಲಿಲ್ಲ. ತೆಗೆದುಕೊಂಡು ಥ್ಯಾಂಕ್ಸ್ ಎಂದರೆ ಎಲ್ಲ ಮುಗಿಯುತ್ತಿತ್ತು. ಕೈ ಚಾಚಿದೆ ಕೂಡ.

ಅಮ್ಮ ಒಳಗಿನಿಂದ ಬಂದಳು. ಇಲ್ಲಿ ಅಮ್ಮ ಏನೋ ದೊಡ್ಡ ಮಾತು ಹೇಳಬೇಕು. ಇಂಥ ಕಡೆ ಅಮ್ಮಂದಿರು ಹೇಳುತ್ತಾರೆ. ಅವಳು ನನ್ನ ಮುಖ ನೋಡಿದಳು, ಅಷ್ಟೇ. ಹೇಳುವುದಿದ್ದರೆ ನಾನೇ ಹೇಳಬೇಕಿತ್ತು.

"ಅಕ್ಕ, ಇವತ್ತು ಅಮ್ಮನ ಹುಟ್ಟಿದ ದಿನ ಅಲ್ಲ. ಆವತ್ತಿನದ್ದು ನಂದೂ ಅಲ್ಲ. ಬುಧವಾರ ನಾವು ಪ್ರಾರ್ಥನೆಗೆ ಸೇರುದು. ಹೆದರಿಕೆಗೆ ಸುಳ್ಳು ಹೇಳಿದ್ದು."

"ಪ್ರಾರ್ಥನೆಯಾ?" ಅವರ ದನಿಯಲ್ಲಿ ಮೊದಲು ಆಶ್ಚರ್ಯ ಮಾತ್ರ ಇತ್ತು. ಆಮೇಲೆ ಪೊಟ್ಟಣ ನೋಡಿಕೊಂಡರು. "ಅಲ್ಲ ತಂಗಿ, ನಾನು ದೇವರ ಎದುರು ನಿಂತು ಸುಳ್ಳು ಹೇಳಿ ಬಂದ ಹಾಗೆ ಆಯ್ತಲ್ಲ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ವಿಶ್ವಾಸಕ್ಕೆ ಏನಾಗುತ್ತಿದೆ ಎಂದೇ ದಿನವೂ ಲೆಕ್ಕ ಹಾಕುತ್ತಿದ್ದವಳು ಅವರ ವಿಶ್ವಾಸದೊಳಗೆ ನನ್ನ ಸುಳ್ಳನ್ನು ಕಳಿಸಿಬಿಟ್ಟಿದ್ದೆ.

"ತಪ್ಪಾಯ್ತು ಅಕ್ಕ."

"ನಿಮ್ಮ ದೇವರ ಹೆಸರು ಹೇಳ್ಲಿಕ್ಕೆ ನಿಮಗೇ ನಾಚಿಕೆಯಾದ್ರೆ ಬೇರೆಯವರು ಎಂತ ಹೇಳುದು?" ಎಂದರು. ನಾಚಿಕೆ ಎಂದರೋ ಹೆದರಿಕೆ ಎಂದರೋ. ನಾನು ದಿನಕ್ಕೊಂದು ಥರ ಕೇಳಿಸಿಕೊಳ್ಳುತ್ತೇನೆ. ಪೊಟ್ಟಣವನ್ನು ಸೆರಗಿನಲ್ಲಿ ಹಿಡಿದುಕೊಂಡು ಅಂಗಳ ದಾಟಿದರು. ಅಮ್ಮ ಅಕ್ಕನನ್ನು "ಮಗಾ, ಒಂದು ಗ್ಲಾಸ್ ನೀರಾದ್ರೂ ಕುಡಿ" ಎಂದು ಕರೆದದ್ದಕ್ಕೆ ತಿರುಗಲಿಲ್ಲ.

ಆ ಸಂಜೆಯ ಪ್ರಾರ್ಥನೆಯನ್ನು ಬಿಟ್ಟುಬಿಡೋಣ ಎಂದುಕೊಂಡೆ. ಬಿಡಬೇಡ ಎಂದು ಒಳಗಿನಿಂದ ಯಾವ ದನಿಯೂ ಹೇಳಲಿಲ್ಲ. ಬರುವವರಿಗೆ ಫೋನ್ ಮಾಡಿ ಬೇಡ ಎನ್ನಲು ಇನ್ನೊಂದು ಸುಳ್ಳು ಬೇಕಿತ್ತು, ನನಗೆ ಸಾಕಾಗಿತ್ತು. ನಾಲ್ವರು ಬಂದರು. ಹಾಡಿದೆವು, ಸಾಧಾರಣ ದನಿಯಲ್ಲಿ. ಅಕ್ಕನ ಮನೆಯ ಮುಂಬಾಗಿಲು ಮುಚ್ಚಿತ್ತು. ಅದು ಆ ಹೊತ್ತಿಗೆ ಯಾವಾಗಲೂ ಮುಚ್ಚಿರುತ್ತದೆಯೇ? ಹಿಂದೆ ಗಮನಿಸಿರಲಿಲ್ಲ.

ಯಜಮಾನರು ಈವರೆಗೆ ಏನೂ ಹೇಳಿಲ್ಲ. ಮನೆ ಬಿಡಿ ಎಂದರೆ ಸುಳ್ಯದ ಕಡೆ ಹುಡುಕಬೇಕು. ಈಗ ಬುಧವಾರ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಅವರ ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ.

"ಅಕ್ಕ, ಸಂಜೆ ನಮ್ಮಲ್ಲಿ ಪ್ರಾರ್ಥನೆ ಉಂಟು."

"ಎಷ್ಟೊತ್ತಿಗೆ ಮುಗೀತದೆ?"

"ಏಳೂವರೆ."

"ಹ್ಞೂಂ," ಎನ್ನುತ್ತಾರೆ, ಪಾತ್ರೆಯಿಂದ ತಲೆ ಎತ್ತದೆ. ಮೊದಲಿನ ತಮಾಷೆ ಇಲ್ಲ. ನಾಳೆ ಮತ್ತೆ ಬುಧವಾರ.