ಗುಂಡಿಯ ಅಂಚಿನಲ್ಲಿ ಮೊಲ

ನಮ್ಮ ಯಜಮಾನರು ಮಗ್ಗಕ್ಕೆ ಕೂತರೆ ಅವರಿಗೆ ಕಿವಿ ಇರುವುದಿಲ್ಲ. ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ರೇಷ್ಮೆ ಸೀರೆಯ ಎಳೆಗಳ ಮೇಲೆ ಕಣ್ಣು ನೆಟ್ಟರೆ ಮುಗಿಯಿತು. ಚಹಾ ಆಯಿತು ಅನ್ನಿ, ಗ್ಯಾಸ್ ಬಂತು ಅನ್ನಿ, ಮನೆಗೆ ಬೆಂಕಿ ಬಿತ್ತು ಅನ್ನಿ, ಒಂದು 'ಹೂಂ' ಸಹ ಬರುವುದಿಲ್ಲ. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದಾಗಿನಿಂದ ನಾನು ಗೋಡೆಯ ಜೊತೆ ಮಾತಾಡುತ್ತಿದ್ದೇನೆ.

ಅಂಥ ಮನೆಗೆ ಮೊಲ ಬಂತು. ಚಳ್ಳಕೆರೆಯಲ್ಲಿರುವ ನನ್ನ ತಮ್ಮ ಮಕ್ಕಳ ಹಟಕ್ಕೆ ಅದನ್ನು ತಂದಿದ್ದ. ಚಾರ್ಜರಿನ ವೈರುಗಳನ್ನೆಲ್ಲ ಕಡಿದು ಹಾಕಿದ ಮೇಲೆ ಅವನ ಹೆಂಡತಿ ಅದನ್ನು ನನ್ನ ತಲೆಗೆ ಕಟ್ಟಿದಳು. ತರಕಾರಿ ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ತಂದೆ. ಆಡು, ಕುರಿ ಇದ್ದ ಮನೆಯಲ್ಲಿ ಬೆಳೆದವಳು ನಾನು, ಆದರೂ ಈ ಪ್ರಾಣಿ ನನಗೆ ಅರ್ಥವಾಗಲಿಲ್ಲ. ಕೂಗುವುದಿಲ್ಲ, ಅರಚುವುದಿಲ್ಲ. ಹಸಿವೋ ಸಿಟ್ಟೋ ಮುಖ ನೋಡಿದರೆ ತಿಳಿಯದು. ಸುಮ್ಮನೆ ಮೂಗು ಆಡಿಸುತ್ತದೆ. ಗರಿಕೆ, ಶೇಂಗಾ ಬಳ್ಳಿ, ಕೊತ್ತಂಬರಿ ದಂಟು ಹಾಕುವವಳು ನಾನು. ಅದರ ಹಿಕ್ಕೆ ಗುಡಿಸುವವಳೂ ನಾನೇ.

ಮಗ್ಗ ಶುರುವಾದದ್ದೇ ತಡ, ಅದು ಎಲ್ಲಿದ್ದರೂ ಓಡಿ ಬಂದು ಗುಂಡಿಯ ಅಂಚಿನಲ್ಲಿ ಕೂತು ಹಿಂಗಾಲಿನಿಂದ ನೆಲಕ್ಕೆ ಬಡಿಯುತ್ತಿತ್ತು. ಧಪ್. ಮಗ್ಗದ ಹಲಗೆ ಬಡಿದ ಹಿಂದೆಯೇ ಮತ್ತೆ ಧಪ್. ಇವರಿಗೆ ಖುಷಿಯೋ ಖುಷಿ.

"ನೋಡೇ, ತಾಳ ಹಾಕ್ತೈತೆ! ನಿಂಗೆ ಇಷ್ಟು ವರ್ಷಕ್ಕೂ ಮಗ್ಗದ ಮೇಲೆ ಮನಸ್ಸು ಬರ್ಲಿಲ್ಲ, ಇದಕ್ಕೆ ಬಂದ ದಿನಾನೇ ಬಂತು."

ಮುಂದೊಮ್ಮೆ ತವರಿಗೆ ಹೋದಾಗ ಮೊಲವನ್ನೂ ಒಯ್ದು, ಉಗುರು ಕತ್ತರಿಸಲೆಂದು ಚಳ್ಳಕೆರೆಯ ದನದ ಡಾಕ್ಟರಿಗೆ ತೋರಿಸಿದೆ. ತಾಳದ ಕತೆಯನ್ನೂ ಹೇಳಿದೆ. ಅವರು ನಗಲಿಲ್ಲ.

"ತಾಳ ಅಲ್ಲಮ್ಮ, ಭಯ. ಅಪಾಯ ಬಂತು ಅಂದ್ರೆ ಬಿಲದೊಳಗಿರೋ ತನ್ನೋರಿಗೆ ಹಂಗೆ ಕಾಲು ಬಡಿದು ಹೇಳ್ತವೆ. ಮಗ್ಗದ ಸದ್ದಿಲ್ಲದ ಕಡೆ ಇಡ್ರಿ. ಹೆದರಿ ಹೆದರಿನೇ ಸತ್ತುಹೋಗ್ತವೆ ಇವು."

ಮಗ್ಗ ನಿಲ್ಲಿಸಿದರೆ ನಾವು ಉಣ್ಣುವುದೇನು? ತಮ್ಮನನ್ನು ಕೇಳಿದರೆ, "ವಾಪಸ್ ಕೊಡಕ್ಕ, ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಎಂದ. ಆ 'ಯಾರಿಗಾದ್ರೂ' ನನಗೆ ಹಿಡಿಸಲಿಲ್ಲ. ಬುಟ್ಟಿ ಎತ್ತಿಕೊಂಡು ಮತ್ತೆ ಮೊಳಕಾಲ್ಮೂರಿನ ಬಸ್ ಹತ್ತಿದೆ.

ಡಾಕ್ಟರ ಮಾತು ಹೇಳಿದಾಗ ಇವರ ಮುಖ ಸಣ್ಣದಾಯಿತು. "ಹೆದರಿದ್ರೆ ಓಡಿಹೋಗ್ಬೇಕಲ್ಲೇ? ಹತ್ರ ಯಾಕೆ ಬರ್ತೈತೆ?" ಎಂದರು. ಬೇರೆ ದಾರಿ ಕಾಣದೆ, ಭಾನುವಾರ ಬಂದು ಒಯ್ಯಲು ತಮ್ಮನಿಗೆ ಫೋನ್ ಮಾಡಿದೆ. ಅಲ್ಲಿಯವರೆಗೆ ಇರಲೆಂದು ಮೊಲವನ್ನು ಅಡುಗೆಮನೆಯಲ್ಲಿ ಕೂಡಿಹಾಕಿದೆ. ಅಲ್ಲಿ ಅದು ಒಂದೆಲೆ ಮುಟ್ಟಲಿಲ್ಲ, ಬಾಗಿಲು ಕೆರೆಯುತ್ತಲೇ ಇತ್ತು. ತೆರೆದರೆ ನೇರ ಗುಂಡಿಯ ಹತ್ತಿರ ಓಡಿ, ಧಪ್. ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

ಶನಿವಾರ ಮಧ್ಯಾಹ್ನ ಇವರು ಊಟಕ್ಕೆ ಎದ್ದಿದ್ದರು, ನಾನು ಮೊಲವನ್ನು ಹೊರಗೆ ಬಿಟ್ಟಿದ್ದೆ. ಪಕ್ಕದ ಮನೆಯ ಮಗ್ಗ ಗೋಡೆ ಅದುರುವಂತೆ ನಡೆದಿತ್ತು. ಮೊಲ ಮಾತ್ರ ಹಾಯಾಗಿ ಕೊತ್ತಂಬರಿ ದಂಟು ಮೆಲ್ಲುತ್ತಿತ್ತು. ಸದ್ದಿಗೆ ಹೆದರುವುದಾದರೆ ಆ ಸದ್ದಿಗೇಕೆ ಹೆದರುವುದಿಲ್ಲ? ಬೈದರೆ ಬೈಯಲಿ ಎಂದು ನಾನೇ ಗುಂಡಿಗೆ ಕಾಲು ಇಳಿಬಿಟ್ಟು ಹಲಗೆ ಬಡಿದೆ. ಮತ್ತೆ ಬಡಿದೆ. ಅದು ನನ್ನನ್ನು ಒಮ್ಮೆ ನೋಡಿ ಇನ್ನೊಂದು ದಂಟು ಎಳೆದುಕೊಂಡಿತು.

"ಏಳೇ, ಸೀರೆ ಕೆಡಿಸ್ತೀಯ" ಎಂದು ಇವರು ನನ್ನನ್ನು ಎಬ್ಬಿಸಿ, ತಾವು ಕೂತು ಒಂದೇ ಸಲ ಹಲಗೆ ಎಳೆದರು. ಮೊಲ ತಿನ್ನುವುದನ್ನು ಬಿಟ್ಟು ಓಡಿ ಬಂತು. ಧಪ್.

ಬಿಲದೊಳಗಿರುವ ತನ್ನವರಿಗೆ! ಡಾಕ್ಟರ ಮಾತು ಆಗ ತಲೆಗೆ ಹೋಯಿತು. ಅದರ ಕಣ್ಣಿಗೆ ಇವರು ಬಿಲದಲ್ಲಿ ಕೂತಿದ್ದಾರೆ, ತಲೆಯ ಮೇಲೆ ಏನೋ ದೊಡ್ಡದು ಬಡಿಯುತ್ತಿದೆ. ತಾನು ಓಡಿಹೋಗದೆ ಇವರನ್ನು ಎಚ್ಚರಿಸುತ್ತಿದೆ. ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಸೊಪ್ಪು ಹಾಕಿದವಳು ಅದೇ ಗುಂಡಿಯಲ್ಲಿ ಕೂತರೆ ಅದಕ್ಕೆ ಏನೂ ಅನ್ನಿಸಲಿಲ್ಲವಲ್ಲ! ನಿಜವಾಗಿ ಹೊಟ್ಟೆ ಉರಿಯಿತು. ಹೇಳಿದರೆ ಇವರು ಬಿದ್ದು ಬಿದ್ದು ನಕ್ಕರು. "ನಿನ್ನ ಹಿಡಿಯೋ ನರಿ ಇನ್ನೂ ಹುಟ್ಟಿಲ್ಲ ಅಂತ ಅದಕ್ಕೂ ಗೊತ್ತೈತೆ ಕಣೇ."

ಆಮೇಲೆ ಇವರು ಎಳೆಗಳ ನಡುವೆ ಓಡುತ್ತಿದ್ದ ಲಾಳಿ ನಿಲ್ಲಿಸಿ, ಕೈ ಚಾಚಿ ಮೊಲದ ತಲೆ ಸವರಿ, ಮೆಲ್ಲಗೆ "ಇದ್ದೀನಿ" ಎಂದರು. ಮೊಲ ಮೈ ಸಡಿಲಿಸಿ ಅಲ್ಲೇ ಮಲಗಿತು. ಭಾನುವಾರ ತಮ್ಮ ಬಂದು, ಉಂಡು, ಬರಿಗೈಯಲ್ಲಿ ಹೋದ.

ಈಗ ದಿನಾ ಇದೇ. ಅದು ಒಂದೆರಡು ಸಲ ಬಡಿಯುತ್ತದೆ, ಇವರು "ಇದ್ದೀನಿ" ಅನ್ನುತ್ತಾರೆ, ಅದು ತನ್ನ ಪಾಡಿಗೆ ತಾನು ಹೋಗುತ್ತದೆ. ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡರೂ ಬಾರದ ಮಾತು.

ಮೊನ್ನೆ ಮಗ್ಗ ಜೋರಾಗಿ ನಡೆದಿತ್ತು. ಮೊಲ ನನ್ನ ಹತ್ತಿರ ಅಡುಗೆಮನೆಯಲ್ಲಿ ಮಲಗಿತ್ತು. ಏನನ್ನಿಸಿತೋ, ನಾನೇ ಹಿಮ್ಮಡಿ ಎತ್ತಿ ನೆಲಕ್ಕೆ ಅಪ್ಪಳಿಸಿದೆ.

ಲಾಳಿ ನಿಂತಿತು.

"ಇದ್ದೀನಿ" ಎಂದರು.

ಮೊಲಕ್ಕೆ ಹೇಳಿದರೋ ನನಗೆ ಹೇಳಿದರೋ ಗೊತ್ತಿಲ್ಲ. ನಾನೂ ಕೇಳಲು ಹೋಗಿಲ್ಲ.